ಕತ್ತಲೆಯಲ್ಲಿದ್ದದ್ದು ಸೈತಾನನೇ?

ಅಮೆರಿಕದ 'ಸ್ಟಾರ್ ಟ್ರೆಕ್' ಧಾರಾವಾಹಿಯ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. 1966ರಿಂದ 1969ರವರೆಗೆ ಅಲ್ಲಿನ ಟಿ.ವಿ.ಯಲ್ಲಿ ಪ್ರಸಾರವಾದ, ನಕ್ಷತ್ರಲೋಕಗಳಲ್ಲಿ ಸಂಚರಿಸುವವರ ಕಥೆ ಅದು. 2006ರಲ್ಲಿ ಅದಕ್ಕೆ ನಲವತ್ತು ವರ್ಷ ತುಂಬಿದಾಗ ಮೂಲ ಫಿಲ್ಮನ್ನು ಶುಚಿಗೊಳಿಸಿ, ನೌಕೆ ಮತ್ತು ಗ್ರಹಗಳ ದೃಶ್ಯಗಳನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ರಚಿಸಿ ಮರುಪ್ರಸಾರ ಆರಂಭಿಸಿದರು. ಹೀಗೆ ಹೊಸ ರೂಪ ಪಡೆದ ಕಂತುಗಳಲ್ಲಿ ಒಂದನ್ನು ಕುಟುಂಬದವರೆಲ್ಲ ಕೂಡಿ ನೋಡಬಹುದು. ಹೆಸರು 'ದಿ ಡೆವಿಲ್ ಇನ್ ದಿ ಡಾರ್ಕ್', ಅಂದರೆ ಕತ್ತಲೆಯಲ್ಲಿನ ಸೈತಾನ. ಜೀನ್ ಕೂನ್ ಬರೆದ ಈ ಕಂತು ಮೊದಲು ಪ್ರಸಾರವಾದದ್ದು 1967ರ ಮಾರ್ಚ್ 9ರಂದು.

ದೂರದ ಗ್ರಹವೊಂದರಲ್ಲಿ ಗಣಿ ಕೆಲಸ ನಡೆಯುತ್ತಿದೆ. ಹೊಸದೊಂದು ಹಂತವನ್ನು ಅಗೆದು ತೆರೆದ ಮೇಲೆ ಕಾರ್ಮಿಕರು ಒಬ್ಬೊಬ್ಬರಾಗಿ ಸಾಯತೊಡಗುತ್ತಾರೆ. ಸತ್ತವರು ಐವತ್ತು ಮಂದಿ. ಬಂಡೆಯನ್ನೇ ಕರಗಿಸಿಕೊಂಡು ಸಾಗುವ ಒಂದು ಪ್ರಾಣಿ ಅವರನ್ನು ಸುಟ್ಟು ಕೊಲ್ಲುತ್ತಿದೆ. ಎಂಟರ್‌ಪ್ರೈಸ್ ನೌಕೆಯ ನಾಯಕ ಕರ್ಕ್, ಅವನ ಸಹಾಯಕ ಸ್ಪಾಕ್, ವೈದ್ಯ ಮೆಕಾಯ್ ನೆರವಿಗೆ ಬರುತ್ತಾರೆ. ಅದನ್ನು ಕೊಂದುಬಿಡಿ ಎಂಬುದೇ ಆಜ್ಞೆ.

ಕೊನೆಗೆ ತಿಳಿಯುವುದೇನು? ಅದು ತಾಯಿ. ಅದರ ಹೆಸರು ಹೋರ್ಟಾ. ಐವತ್ತು ಸಾವಿರ ವರ್ಷಕ್ಕೊಮ್ಮೆ ಅದರ ಕುಲವೆಲ್ಲ ಅಳಿದು, ಮೊಟ್ಟೆಗಳನ್ನು ಕಾಯಲು ಒಂದೇ ಒಂದು ಉಳಿಯುತ್ತದೆ. ಹೊಸ ಹಂತದಲ್ಲಿ ಗಣಿಯವರಿಗೆ ಸಾವಿರಾರು ಸಂಖ್ಯೆಯಲ್ಲಿ ಸಿಕ್ಕಿದ ಗುಂಡು ಕಲ್ಲುಗಳೇ ಆ ಮೊಟ್ಟೆಗಳು. ಬೆಲೆಯಿಲ್ಲದವು ಎಂದು ಅವರು ಅವನ್ನು ಒಡೆದು ಹಾಕುತ್ತಿದ್ದರು.

ಕಥೆ ಗೊತ್ತಿದ್ದು ಎರಡನೆಯ ಸಲ ನೋಡುವಾಗ ಎದೆ ಝಲ್ಲೆನ್ನುವುದು ಆರಂಭದಲ್ಲಿಯೇ. ಗಣಿಯ ಮುಖ್ಯ ಎಂಜಿನಿಯರ್ ತನ್ನವರ ಸಾವಿನ ಲೆಕ್ಕ ಹೇಳುತ್ತಿರುವಾಗ ಅವನ ಮೇಜಿನ ಮೇಲೆ ಅಂಥದೊಂದು ಗುಂಡು ಅಲಂಕಾರಕ್ಕೆಂಬಂತೆ ಕುಳಿತಿದೆ. ಸ್ಪಾಕ್ ಅದೇನೆಂದು ಕೇಳುತ್ತಾನೆ. ಅಂಥವು ಬೇಕಾದಷ್ಟಿವೆ, ಅದರಿಂದೇನು ಎಂಬ ಧಾಟಿಯ ಉತ್ತರ ಬರುತ್ತದೆ. ಹೊಸ ಪ್ರತಿಯಲ್ಲಿ ಚಿತ್ರ ಎಷ್ಟೋ ಸ್ಪಷ್ಟವಾಗಿದೆ, ನಿಜ. ಆದರೆ ಆ ಮೊಟ್ಟೆ ಮಾಸಿದ ಹಳೆಯ ಪ್ರತಿಯಲ್ಲಿಯೂ ಎಲ್ಲರ ಕಣ್ಣೆದುರಿಗೇ ಇತ್ತು!

ಎಂಟನೆಯ ಆಜ್ಞೆಯನ್ನು ನಾವು 'ಸುಳ್ಳು ಹೇಳಬೇಡ' ಎಂದಷ್ಟೇ ಮಕ್ಕಳಿಗೆ ಕಲಿಸುತ್ತೇವೆ. ಧರ್ಮಸಭೆಯ ಧರ್ಮೋಪದೇಶ ಗ್ರಂಥ ಇದೇ ಆಜ್ಞೆಯ ಕೆಳಗೆ ದುಡುಕಿನ ತೀರ್ಪನ್ನೂ ಸೇರಿಸಿದೆ (2477, 2478). ಸಾಕಷ್ಟು ಆಧಾರವಿಲ್ಲದೆ ನೆರೆಯವನಲ್ಲಿ ತಪ್ಪಿದೆಯೆಂದು ಮನಸ್ಸಿನಲ್ಲೇ ನಂಬಿಬಿಡುವುದೂ ಪಾಪ. ಸಂತ ಇಗ್ನಾಸಿಯವರ ಬೋಧನೆಯನ್ನು ಅದು ಅಲ್ಲಿ ನೆನಪಿಸುತ್ತದೆ: ಮತ್ತೊಬ್ಬರ ಮಾತಿಗೆ ಒಳ್ಳೆಯ ಅರ್ಥ ಹುಡುಕು, ಸಿಗದಿದ್ದರೆ ಅವರನ್ನೇ ಕೇಳು. ಗಣಿಯವರ ದುಃಖ ಸುಳ್ಳಲ್ಲ, ಭಯಕ್ಕೂ ಕಾರಣವಿತ್ತು. ಆದರೆ ಹೊಸ ಹಂತವನ್ನು ತೆರೆದ ಮೇಲೆಯೇ ಸಾವುಗಳು ಏಕೆ ಶುರುವಾದವು ಎಂದು ಒಬ್ಬರೂ ಕೇಳಲಿಲ್ಲ.

ನನ್ನ ಮನಸ್ಸಿನಲ್ಲಿ ಉಳಿದದ್ದು ಮತ್ತೊಂದು ಸಂಗತಿ. ಈ ಪ್ರಾಣಿ ತನ್ನ ಕುಲದ ಕೊನೆಯದಿರಬಹುದು, ಕೊಲ್ಲುವುದು ಬೇಡ ಎಂದು ಮೊದಲು ವಾದಿಸಿದವನು ಸ್ಪಾಕ್. ಕೊಲ್ಲಲೇಬೇಕು ಎಂದವನು ಕರ್ಕ್. ಆಮೇಲೆ ಸುರಂಗ ಕುಸಿದು ಕರ್ಕ್ ಒಬ್ಬನೇ ಹೋರ್ಟಾಗೆ ಎದುರಾಗಿ ಸಿಕ್ಕಿಬೀಳುತ್ತಾನೆ. ಆಗ ಸ್ಪಾಕ್ ಗಾಬರಿಯಿಂದ, ತಕ್ಷಣ ಕೊಂದುಬಿಡು ಎನ್ನುತ್ತಾನೆ! ಕರ್ಕ್ ಕೊಲ್ಲುವುದಿಲ್ಲ. ಗಾಯಗೊಂಡ ಪ್ರಾಣಿಯನ್ನು ಹತ್ತಿರದಿಂದ ನೋಡುತ್ತಾ ಸುಮ್ಮನೆ ಕುಳಿತುಬಿಡುತ್ತಾನೆ. ದಯೆಯ ಮಾತು ನಮಗೂ ಬಾಯಿಪಾಠವಾಗಿದೆ. ಆಪತ್ತು ನಮ್ಮವರಿಗೇ ಬಂದ ದಿನ ಅದು ಎಷ್ಟು ಹೊತ್ತು ನಿಂತೀತು?

ಸ್ಪಾಕ್ ತನ್ನ ಮನಸ್ಸಿನ ಶಕ್ತಿಯಿಂದ ಹೋರ್ಟಾದ ನೋವನ್ನು ತಾನೇ ಅನುಭವಿಸಿ ಕೂಗಿಕೊಳ್ಳುತ್ತಾನೆ. ವೈದ್ಯ ಮೆಕಾಯ್, ನಾನೇನು ಗಾರೆ ಕೆಲಸದವನೇ ಎಂದು ಗೊಣಗುತ್ತಲೇ ಅದರ ಗಾಯಕ್ಕೆ ಕಾಂಕ್ರೀಟ್ ಮೆತ್ತುತ್ತಾನೆ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಸುರಿದ ಸಮಾರಿಯದವನನ್ನು ಸಂತ ಲೂಕರ ಶುಭಸಂದೇಶದಲ್ಲಿ ಓದಿದವರಿಗೆ ಈ ದೃಶ್ಯ ಅಪರಿಚಿತವೆನಿಸದು.

ಒಂದು ಕೊರತೆಯನ್ನೂ ಹೇಳಬೇಕು. ಕೊನೆಯಲ್ಲಿ ಗಣಿಯವರು ರಾಜಿಯಾಗುವುದು ಬಹಳ ಸುಲಭವಾಯಿತು. ಹೋರ್ಟಾ ಮರಿಗಳು ಸುರಂಗ ಕೊರೆದರೆ ತಮಗೆ ಲಾಭ ಎಂದು ತಿಳಿದ ಕೂಡಲೇ ಕೋಪ ಇಳಿಯುತ್ತದೆ. ಐವತ್ತು ಶವಗಳ ಮುಂದೆ ಕ್ಷಮೆ ಅಷ್ಟು ಅಗ್ಗವಾಗಿ ಬರುವುದಿಲ್ಲ.

ಹೋರ್ಟಾ ಹೊಸ ಪ್ರತಿಯಲ್ಲಿಯೂ ಹಳೆಯ ವೇಷದಲ್ಲೇ ಇದೆ. ಅದರೊಳಗೆ ತೆವಳುವವರು ಯಾನೋಷ್ ಪ್ರೊಹಾಸ್ಕಾ ಎಂಬ ನಟ. ಮಕ್ಕಳು ನಕ್ಕರೆ ನಗಲಿ, ಗದರಬೇಡಿ. ಕಂತು ಸುಮಾರು ಐವತ್ತು ನಿಮಿಷದ್ದು. ಹೋರ್ಟಾ ಬಂಡೆಯ ಮೇಲೆ 'ನೋ ಕಿಲ್ ಐ' ಎಂದು ಸುಟ್ಟು ಬರೆಯುವ ಕಡೆ ನಿಲ್ಲಿಸಿ. ನನ್ನನ್ನು ಕೊಲ್ಲಬೇಡಿ ಎಂಬ ಬೇಡಿಕೆಯೋ, ನಾನು ಕೊಲ್ಲುವುದಿಲ್ಲ ಎಂಬ ಮಾತು ಕೊಡುವುದೋ? ಕರ್ಕ್‌ಗೂ ಅದೇ ಸಂದೇಹ. ಮನೆಯವರೆಲ್ಲ ತಮಗೆ ತೋಚಿದ್ದನ್ನು ಹೇಳಲಿ. ಕಥೆ ಮುಗಿದ ಮೇಲೆ ಆ ಎಂಜಿನಿಯರನ ಕೋಣೆಯ ದೃಶ್ಯವನ್ನು ಇನ್ನೊಮ್ಮೆ ಹಾಕಿ, ಮೇಜಿನ ಮೇಲಿನ ಗುಂಡನ್ನು ಯಾರು ಮೊದಲು ಗುರುತಿಸುತ್ತಾರೋ ನೋಡಿ.