ಸಂಜೆಯಾದರೆ ಚಿತ್ರವೇಕೆ ಮಸುಕಾಗುತ್ತದೆ?

ಮಕ್ಕಳೇ, ಮೊಬೈಲಿನಲ್ಲಿ ವಿಡಿಯೋ ನೋಡುವಾಗ ಒಂದು ಸಂಗತಿಯನ್ನು ನೀವು ಗಮನಿಸಿರಬಹುದು. ಸ್ವಚ್ಛವಾಗಿ ಬರುತ್ತಿದ್ದ ಚಿತ್ರ ಇದ್ದಕ್ಕಿದ್ದಂತೆ ಮಸುಕಾಗುತ್ತದೆ. ಮುಖದಲ್ಲಿ ಕಣ್ಣು, ಮೂಗು ಗುರುತು ಸಿಗುವುದಿಲ್ಲ, ಬರೀ ಬಣ್ಣದ ಚೌಕಗಳು ಕಾಣುತ್ತವೆ. ಸ್ವಲ್ಪ ಹೊತ್ತಿಗೆ ಮತ್ತೆ ಸರಿಯಾಗುತ್ತದೆ. ಯಾರೂ ಏನನ್ನೂ ಮುಟ್ಟಿರುವುದಿಲ್ಲ. ಹಾಗಾದರೆ ಹೀಗೆ ಮಾಡಿದ್ದು ಯಾರು?

ಶಿವಮೊಗ್ಗದಲ್ಲಿರುವ ನನ್ನ ತಮ್ಮನ ಮನೆಯಲ್ಲಿ ಕಳೆದ ಮಳೆಗಾಲದಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಅವರ ಟೀವಿ ಹಳೆಯದು, ತಾನಾಗಿ ಅಂತರಜಾಲಕ್ಕೆ ಸೇರಲಾರದು. ಆದ್ದರಿಂದ ಅದಕ್ಕೆ ಒಂದು ಗೇಮ್ ಕನ್ಸೋಲ್ ಜೋಡಿಸಿದ್ದರು. ಗೇಮ್ ಕನ್ಸೋಲ್ ಎಂದರೆ ಟೀವಿಯ ತೆರೆಯ ಮೇಲೆ ಆಟ ಆಡಲೆಂದೇ ತಯಾರಿಸಿದ ಒಂದು ಬಗೆಯ ಕಂಪ್ಯೂಟರ್. ಅಂತರಜಾಲದಿಂದ ಸಿನಿಮಾ ತರಿಸಿ ತೋರಿಸುವ ಕೆಲಸವನ್ನೂ ಅದು ಮಾಡುತ್ತದೆ. ಅಮೆರಿಕದಲ್ಲಿ 2008ರಲ್ಲಿಯೇ ಎಕ್ಸ್‌ಬಾಕ್ಸ್ 360 ಎಂಬ ಕನ್ಸೋಲಿನಲ್ಲಿ ನೆಟ್‌ಫ್ಲಿಕ್ಸ್ ಸಿನಿಮಾ ನೋಡುವ ಸೌಕರ್ಯ ಬಂದಿತ್ತು.

ತಮ್ಮನ ಮನೆಯ ಪೆಟ್ಟಿಗೆಯಲ್ಲಿ ಹಗಲು ಮಗಳು ಆಟ ಆಡುತ್ತಾಳೆ. ಸಂಜೆ ನಮ್ಮ ಅಮ್ಮ, ಅಂದರೆ ಅವಳ ಅಜ್ಜಿ, ಹಳೆಯ ಕನ್ನಡ ಸಿನಿಮಾ ನೋಡುತ್ತಾರೆ. ಅಜ್ಜಿಗೆ ಮೊದಲೇ ಕಣ್ಣು ಮಂಜು. ಚಿತ್ರವೂ ಮಂಜಾದರೆ ಗತಿಯೇನು? "ಮಳೆ ಬಂದರೆ ಹೀಗೇ" ಎಂದು ಅಜ್ಜಿ. ದುಬಾರಿ ಸಂಪರ್ಕ ತೆಗೆದುಕೊಳ್ಳಿ ಎಂದು ಅಂತರಜಾಲ ಕಂಪನಿಯವರು. ಪೆಟ್ಟಿಗೆ ಹಳೆಯದು, ಹೊಸದು ಕೊಳ್ಳಿ ಎಂದು ಅಂಗಡಿಯವರು. ತಿಂಗಳ ಕೊನೆಯೊಳಗೆ ಸರಿಹೋಗದಿದ್ದರೆ ಮಾರಿಬಿಡುತ್ತೇನೆ ಎಂದು ತಮ್ಮ. ಏಳನೆಯ ತರಗತಿಯ ಮಗಳ ಮುಖ ಸಣ್ಣದಾಗಿತ್ತು.

ಕಾರಣ ಹುಡುಕುವ ಮೊದಲು ಚಿತ್ರ ಹೇಗೆ ಬರುತ್ತದೆ ಎಂಬುದನ್ನು ತಿಳಿಯೋಣ.

ಹಂಡೆ, ಚೊಂಬು, ಲೋಟ

ಟೀವಿಯ ಚಿತ್ರ ಚಿಕ್ಕ ಚಿಕ್ಕ ಚುಕ್ಕಿಗಳಿಂದ ಆಗಿದೆ. ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳಿದ್ದರೆ ಒಟ್ಟು 20,73,600 ಚುಕ್ಕಿಗಳಾದವು. ಪ್ರತಿ ಚುಕ್ಕಿಯ ಬಣ್ಣವನ್ನು ಹೇಳಲು ಸಾಮಾನ್ಯವಾಗಿ 24 ಬಿಟ್‌ಗಳು ಬೇಕು. ಬಿಟ್ ಎಂದರೆ 0 ಅಥವಾ 1. ಸೆಕೆಂಡಿಗೆ 25 ಚಿತ್ರಗಳನ್ನು ತೋರಿಸಬೇಕಾದರೆ ಎಷ್ಟು ಬಿಟ್ ಬೇಕು? ಗುಣಿಸಿ ನೋಡಿ. ಸುಮಾರು 124 ಕೋಟಿ ಬರುತ್ತದೆ! ಇಷ್ಟನ್ನು ಮನೆಯ ಸಂಪರ್ಕದಲ್ಲಿ ತರುವುದು ಕಷ್ಟ. ಆದ್ದರಿಂದ ಅದನ್ನು ಅಡಕ ಮಾಡಿ ಕಳಿಸುತ್ತಾರೆ. ಹಿಂದಿನ ಚಿತ್ರದಲ್ಲಿದ್ದ ಗೋಡೆ ಮುಂದಿನ ಚಿತ್ರದಲ್ಲೂ ಹಾಗೆಯೇ ಇದ್ದರೆ ಅದನ್ನು ಮತ್ತೆ ಕಳಿಸುವುದೇಕೆ? ಬದಲಾದ ಭಾಗವನ್ನು ಹೇಳಿದರೆ ಸಾಕು. ಇಂಥ ಉಪಾಯಗಳಿಂದ 124 ಕೋಟಿ ಬಿಟ್‌ಗಳು ಸುಮಾರು 50 ಲಕ್ಷಕ್ಕೆ ಇಳಿಯುತ್ತವೆ. ಹತ್ತು ಲಕ್ಷ ಬಿಟ್‌ಗೆ ಒಂದು ಮೆಗಾಬಿಟ್ ಎನ್ನುತ್ತಾರೆ. ಅಂದರೆ ಸೆಕೆಂಡಿಗೆ 5 ಮೆಗಾಬಿಟ್.

ಇನ್ನೊಂದು ಜಾಣತನವೂ ಇದೆ. ಸಿನಿಮಾವನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ ಇಟ್ಟಿರುತ್ತಾರೆ. ಪ್ರತಿ ತುಂಡಿಗೂ ಹಲವು ಪ್ರತಿಗಳು: ಒಂದು ಬಹಳ ಸ್ವಚ್ಛ, ಒಂದು ಮಧ್ಯಮ, ಒಂದು ಮಸುಕು. ಸ್ವಚ್ಛವಾದದ್ದು ಭಾರ, ಮಸುಕಾದದ್ದು ಹಗುರ. ಕನ್ಸೋಲ್ ಒಂದು ತುಂಡು ತರಿಸಿಕೊಂಡಾಗ ಅದು ಎಷ್ಟು ಬೇಗ ಬಂತೆಂದು ಅಳೆಯುತ್ತದೆ. ಬೇಗ ಬಂದರೆ ಮುಂದಿನದನ್ನು ಸ್ವಚ್ಛ ಪ್ರತಿಯಲ್ಲಿ ಕೇಳುತ್ತದೆ, ನಿಧಾನವಾದರೆ ಹಗುರ ಪ್ರತಿಯಲ್ಲಿ.

ನಿಮ್ಮ ಮನೆಯ ಬಚ್ಚಲ ಹಂಡೆಯನ್ನು ನೆನಪಿಸಿಕೊಳ್ಳಿ. ನಲ್ಲಿಯಿಂದ ನೀರು ಬೀಳುತ್ತಿದೆ, ನೀವು ಚೊಂಬಿನಿಂದ ತೆಗೆದು ಸ್ನಾನ ಮಾಡುತ್ತಿದ್ದೀರಿ. ನಲ್ಲಿ ಸಣ್ಣಗಾದರೂ ಹಂಡೆಯಲ್ಲಿ ನೀರಿರುವವರೆಗೆ ತೊಂದರೆ ಇಲ್ಲ. ಕನ್ಸೋಲ್ ಕೂಡ ಮುಂದಿನ ಕೆಲವು ತುಂಡುಗಳನ್ನು ಮೊದಲೇ ಹೀಗೆ ತುಂಬಿಟ್ಟುಕೊಳ್ಳುತ್ತದೆ. ಹಂಡೆ ಬರಿದಾಗುತ್ತಾ ಬಂದರೆ? ಸ್ನಾನ ನಿಲ್ಲಿಸಬೇಕು, ಇಲ್ಲವೇ ಚೊಂಬಿನ ಬದಲು ಲೋಟ ಹಿಡಿಯಬೇಕು. ಕನ್ಸೋಲ್ ಲೋಟ ಹಿಡಿಯುತ್ತದೆ. 854 ಮತ್ತು 480 ಚುಕ್ಕಿಗಳ ಚಿಕ್ಕ ಪ್ರತಿಯನ್ನು ತರಿಸಿದರೆ ಅದರಲ್ಲಿರುವುದು ಸುಮಾರು 4 ಲಕ್ಷ ಚುಕ್ಕಿ ಮಾತ್ರ. ಟೀವಿ ಅದನ್ನು ಎಳೆದು 20 ಲಕ್ಷ ಚುಕ್ಕಿಗಳ ತೆರೆ ತುಂಬಿಸುತ್ತದೆ. ಒಂದು ಚುಕ್ಕಿ ಐದು ಚುಕ್ಕಿಗಳ ಜಾಗ ತುಂಬಬೇಕು. ಮಸುಕು ಕಾಣುವುದು ಇದರಿಂದಲೇ.

ಅಂದರೆ ಚಿತ್ರವನ್ನು ಮಸುಕು ಮಾಡಿದ್ದು ಪೆಟ್ಟಿಗೆಯೇ! ಆದರೆ ಕೆಟ್ಟುಹೋಗಿ ಅಲ್ಲ, ಸಿನಿಮಾ ನಿಲ್ಲದಿರಲಿ ಎಂದು. ನಿಜವಾದ ಪ್ರಶ್ನೆ ಬೇರೆಯೇ: ನಲ್ಲಿ ಸಣ್ಣಗಾದದ್ದು ಎಲ್ಲಿ?

ದಾರಿಯನ್ನು ತುಂಡು ಮಾಡಿ ಹುಡುಕುವುದು

ಸಿನಿಮಾ ಎಲ್ಲೋ ದೂರದ ಕಂಪ್ಯೂಟರಿನಲ್ಲಿ ಇರುತ್ತದೆ. ಅಲ್ಲಿಂದ ಕಂಪನಿಯ ತಂತಿಯ ಮೂಲಕ ಮನೆಯ ರೂಟರ್ ಎಂಬ ಪೆಟ್ಟಿಗೆಗೆ ಬರುತ್ತದೆ. ರೂಟರಿನಿಂದ ಕನ್ಸೋಲಿಗೆ ವೈ-ಫೈ ಎಂಬ ರೇಡಿಯೋ ತರಂಗದ ಮೂಲಕ ಹೋಗುತ್ತದೆ. ತೊಂದರೆ ತಂತಿಯಲ್ಲಿ ಇರಬಹುದು, ಗಾಳಿಯಲ್ಲಿ ಇರಬಹುದು, ಪೆಟ್ಟಿಗೆಯಲ್ಲೂ ಇರಬಹುದು.

ಹುಡುಗಿ ಒಂದು ಹಳೆಯ ನೋಟ್‌ಬುಕ್ ತೆಗೆದುಕೊಂಡಳು. ಚಿತ್ರ ಮಸುಕಾದಾಗಲೆಲ್ಲ ದಿನ, ಗಂಟೆ, ಮಳೆ ಇತ್ತೇ ಇಲ್ಲವೇ, ಮನೆಯಲ್ಲಿ ಯಾರು ಏನು ಮಾಡುತ್ತಿದ್ದರು ಎಂದು ಬರೆದಳು. ಚಿತ್ರ ಚೆನ್ನಾಗಿದ್ದಾಗಲೂ ಬರೆದಳು. ಇದು ಮುಖ್ಯ. ಕೆಟ್ಟಾಗ ಮಾತ್ರ ಬರೆದಿಟ್ಟರೆ ಹೋಲಿಸಲು ಏನೂ ಇರುವುದಿಲ್ಲ.

ವಾರದ ಕೊನೆಗೆ ಎರಡು ವಿಷಯ ತಿಳಿದವು. ಮಳೆಗೂ ಮಸುಕಿಗೂ ಸಂಬಂಧ ಕಾಣಲಿಲ್ಲ. ಆದರೆ ಅಜ್ಜಿಯ ಮಾತು ಪೂರ್ತಿ ಸುಳ್ಳೇನಲ್ಲ. ಹಿಂದೆ ಅವರ ಮನೆಯಲ್ಲಿ ತಾರಸಿಯ ಮೇಲೆ ಡಿಶ್ ಇತ್ತು. ಉಪಗ್ರಹದಿಂದ ಬರುವ ಆ ತರಂಗಗಳನ್ನು ಜೋರು ಮಳೆಯ ಹನಿಗಳು ಹೀರಿ ಚದುರಿಸುತ್ತವೆ. ಆಗ ಟೀವಿ ನಿಂತುಹೋಗುವುದುಂಟು. ಅಜ್ಜಿ ಆ ಅನುಭವವನ್ನು ಇಲ್ಲಿಗೂ ಹಚ್ಚಿದ್ದರು.

ಎರಡನೆಯದು ಇನ್ನೂ ಸ್ವಾರಸ್ಯಕರ. ಎಲ್ಲರೂ "ಸಂಜೆ ಮಾತ್ರ ಹೀಗಾಗುತ್ತದೆ" ಎನ್ನುತ್ತಿದ್ದರು. ಭಾನುವಾರ ಬೆಳಿಗ್ಗೆ 11 ಗಂಟೆಗೆ ಹುಡುಗಿ ಸಿನಿಮಾ ಹಾಕಿದಳು. ಆಗಲೂ ಮಸುಕು! ಹಗಲಲ್ಲಿ ಯಾರೂ ಸಿನಿಮಾ ನೋಡುತ್ತಲೇ ಇರಲಿಲ್ಲ, ಹಾಗಾಗಿ ದೋಷ ಸಂಜೆ ಮಾತ್ರ ಕಣ್ಣಿಗೆ ಬೀಳುತ್ತಿತ್ತು.

ಮುಂದೆ ಅಳತೆ. ಮೊಬೈಲನ್ನು ರೂಟರ್ ಪಕ್ಕದಲ್ಲಿ ಹಿಡಿದು ವೇಗ ನೋಡಿದರು: ಸೆಕೆಂಡಿಗೆ 38 ಮೆಗಾಬಿಟ್. ಸಿನಿಮಾಕ್ಕೆ ಬೇಕಾದದ್ದು 5. ಹಾಗಾದರೆ ಮನೆಯವರೆಗೆ ನೀರು ಧಾರಾಳವಾಗಿ ಬರುತ್ತಿದೆ, ದುಬಾರಿ ಸಂಪರ್ಕ ಬೇಕಿಲ್ಲ. ಕನ್ಸೋಲಿನ ಸೆಟ್ಟಿಂಗ್‌ನಲ್ಲಿಯೂ ವೇಗ ಪರೀಕ್ಷಿಸುವ ಸೌಲಭ್ಯವಿರುತ್ತದೆ. ಅಲ್ಲಿ ಬಂದದ್ದು 3. "ನೋಡಿದಿರಾ, ಪೆಟ್ಟಿಗೆಯದೇ ತಪ್ಪು" ಎಂದ ತಮ್ಮ. ಹುಡುಗಿ ಒಪ್ಪಲಿಲ್ಲ. ಅದೇ ಮೊಬೈಲನ್ನು ಕನ್ಸೋಲಿನ ಪಕ್ಕಕ್ಕೆ ತಂದು ಅಳೆದಳು. ಮೊಬೈಲಿಗೂ 4 ಮಾತ್ರ! ತಪ್ಪು ಪೆಟ್ಟಿಗೆಯದಲ್ಲ, ಅದು ಕುಳಿತ ಜಾಗದ್ದು. ಪಕ್ಕದ ಮನೆಯಿಂದ ಉದ್ದದ ಲ್ಯಾನ್ ಕೇಬಲ್ ಕೇಳಿ ತಂದು ರೂಟರಿನಿಂದ ಕನ್ಸೋಲಿಗೆ ನೇರವಾಗಿ ಜೋಡಿಸಿದಾಗ 37 ಬಂತು. ಹೊಸ ಪೆಟ್ಟಿಗೆ ಕೊಂಡಿದ್ದರೆ ಅಷ್ಟೂ ಹಣ ವ್ಯರ್ಥವಾಗುತ್ತಿತ್ತು.

ಆದರೆ ನಡುಮನೆಯಲ್ಲಿ ಅಡ್ಡಲಾಗಿ ಬಿದ್ದಿರುವ ಕೇಬಲಿಗೆ ಅಜ್ಜಿ ಎಡವಿ ಬಿದ್ದರೆ? ಕೇಬಲ್ ತೆಗೆದರು. ಈಗ ಗಾಳಿಯ ದಾರಿಯನ್ನೇ ಸರಿಪಡಿಸಬೇಕು.

ಬೀರು ಮತ್ತು ಒಲೆ

ವೈ-ಫೈ ಹೆಚ್ಚಾಗಿ ಬಳಸುವುದು ಎರಡು ಆವೃತ್ತಿಗಳನ್ನು: ಸುಮಾರು 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಮೊದಲನೆಯದರ ತರಂಗದೂರ ಹನ್ನೆರಡೂವರೆ ಸೆಂಟಿಮೀಟರ್, ನಿಮ್ಮ ಅಂಗೈಗಿಂತ ತುಸು ಅಗಲ. ಈ ತರಂಗಗಳು ಮರ, ಬಟ್ಟೆಗಳನ್ನು ಸುಲಭವಾಗಿ ದಾಟುತ್ತವೆ. ಇಟ್ಟಿಗೆ, ಕಾಂಕ್ರೀಟ್ ಗೋಡೆಯಲ್ಲಿ ಸೊರಗುತ್ತವೆ. ಲೋಹದ ತಗಡನ್ನು ಮಾತ್ರ ದಾಟಲಾರವು, ಕನ್ನಡಿಗೆ ಬಿದ್ದ ಬೆಳಕಿನಂತೆ ಹಿಂದಕ್ಕೆ ಮರಳುತ್ತವೆ. ತಮ್ಮನ ಮನೆಯಲ್ಲಿ ರೂಟರ್ ಇದ್ದದ್ದು ಮುಂದಿನ ಕೋಣೆಯ ನೆಲದ ಮೇಲೆ. ಅದಕ್ಕೂ ಟೀವಿಗೂ ನಡುವೆ ಒಂದು ಗೋಡೆ. ಗೋಡೆಗೆ ಒರಗಿ ಸೀರೆ ತುಂಬಿದ ದೊಡ್ಡ ಕಬ್ಬಿಣದ ಬೀರು!

ಇಲ್ಲಿ ತಮ್ಮ ಒಂದು ಎಡವಟ್ಟು ಮಾಡಿದ. ಅವಸರದಲ್ಲಿ ಬೀರು ಸರಿಸಿದ, ರೂಟರನ್ನು ಗೋಡೆಯ ಮೇಲೆತ್ತರಕ್ಕೆ ಹಾಕಿದ, ಕನ್ಸೋಲನ್ನು ಟೀವಿಯ ಹಿಂದಿನಿಂದ ಈಚೆಗೆ ತಂದ. ವೇಗ 19ಕ್ಕೆ ಏರಿತು. ಎಲ್ಲರಿಗೂ ಸಂತೋಷ. ಆದರೆ ಬೀರು ಈಗ ಬಾಗಿಲಿಗೆ ಅಡ್ಡ ನಿಂತಿತ್ತು. ಅದು ಅಲ್ಲೇ ಇರಬೇಕೇ? ಯಾವ ಬದಲಾವಣೆಯಿಂದ ಸರಿಹೋಯಿತು ಎಂದು ಯಾರಿಗೂ ಗೊತ್ತಿಲ್ಲ! ಮಗಳ ಒತ್ತಾಯಕ್ಕೆ ಎಲ್ಲವನ್ನೂ ಮೊದಲಿನಂತೆ ಇಟ್ಟು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ಅಳೆದರು. ರೂಟರನ್ನು ಬೀರುವಿಗಿಂತ ಎತ್ತರಕ್ಕೆ ಏರಿಸಿದ್ದೇ ಹೆಚ್ಚು ಫಲ ಕೊಟ್ಟಿತ್ತು. ಬೀರು ತನ್ನ ಜಾಗಕ್ಕೆ ಮರಳಿತು. ಅದನ್ನು ಮೂರು ಸಲ ತಳ್ಳಿದ ನನ್ನ ಬೆನ್ನು ಇನ್ನೂ ನೆನಪಿಸಿಕೊಳ್ಳುತ್ತದೆ.

ಆದರೂ ದಿನಕ್ಕೊಮ್ಮೆ, ರಾತ್ರಿ ಎಂಟೂವರೆಯ ಹೊತ್ತಿಗೆ, ಎರಡು ಮೂರು ನಿಮಿಷ ಚಿತ್ರ ಹದಗೆಡುತ್ತಲೇ ಇತ್ತು. ನೋಟ್‌ಬುಕ್ ತೆರೆದು ನೋಡಿದರೆ ಅಷ್ಟೂ ದಿನ ಒಂದೇ ಸಾಲು: "ಅಮ್ಮ ಅಡುಗೆಮನೆಯಲ್ಲಿ ಸಾರು ಬಿಸಿ ಮಾಡುತ್ತಿದ್ದರು." ಬಿಸಿ ಮಾಡುತ್ತಿದ್ದದ್ದು ಮೈಕ್ರೋವೇವ್ ಒಲೆಯಲ್ಲಿ.

ಈ ಒಲೆ ಕೆಲಸ ಮಾಡುವುದು ಸುಮಾರು 2.45 ಗಿಗಾಹರ್ಟ್ಸ್ ತರಂಗಗಳಿಂದ. ವೈ-ಫೈಯ ನೆರೆಹೊರೆ! ಒಲೆಯ ಲೋಹದ ಗೂಡು ಆ ತರಂಗಗಳನ್ನು ಒಳಗೇ ಹಿಡಿದಿಡುತ್ತದೆ. ಬಾಗಿಲಿನ ಅಂಚಿನಿಂದ ಅತ್ಯಲ್ಪ ಸೋರಬಹುದು. ಅಷ್ಟು ಮನುಷ್ಯರಿಗೆ ಅಪಾಯವಲ್ಲ. ಆದರೆ ವೈ-ಫೈಯ ಧ್ವನಿಯೇ ಬಹಳ ಮೆಲ್ಲಗಿನದು. ಸಂತೆಯಲ್ಲಿ ಪಿಸುಗುಟ್ಟಿದರೆ ಕೇಳುತ್ತದೆಯೇ? ಕೇಳದ ಮಾತನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ, ವೇಗ ಕುಸಿಯುತ್ತದೆ.

ಅನುಮಾನ ಬಂದರೆ ಸಾಲದು, ಪರೀಕ್ಷೆ ಬೇಕು. ದೊಡ್ಡವರ ಸಹಾಯದಿಂದ ಒಲೆಯಲ್ಲಿ ಒಂದು ಬಟ್ಟಲು ನೀರು ಇಟ್ಟರು. ಖಾಲಿ ಒಲೆಯನ್ನು ಹಚ್ಚಬಾರದು, ಅದು ಕೆಡುತ್ತದೆ. ಒಂದು ನಿಮಿಷ ಹಚ್ಚಿ ವೇಗ ನೋಡುವುದು, ಆರಿಸಿ ನೋಡುವುದು. ಹೀಗೆ ಮೂರು ಸಲ. ಮೂರು ಸಲವೂ ಹಚ್ಚಿದಾಗ ಕುಸಿಯಿತು, ಆರಿಸಿದಾಗ ಏರಿತು. ಒಂದೇ ಸಲ ಆಗಿದ್ದರೆ ಕಾಕತಾಳೀಯ ಎನ್ನಬಹುದಿತ್ತು.

5 ಗಿಗಾಹರ್ಟ್ಸ್ ಬಳಸಿದರೆ ಒಲೆಯ ಕಾಟವಿಲ್ಲ. ಗೋಡೆ ದಾಟುವಾಗ ಮಾತ್ರ ಅದು ಇನ್ನಷ್ಟು ಸೊರಗುತ್ತದೆ. ಎಲ್ಲ ಉಪಕರಣಗಳಿಗೂ ಅದು ತಿಳಿಯುವುದೂ ಇಲ್ಲ. 2013ರಲ್ಲಿ ಬಂದ ಪ್ಲೇಸ್ಟೇಷನ್ 4 ಕನ್ಸೋಲ್ 2.4ನ್ನು ಮಾತ್ರ ಬಲ್ಲದು, 2016ರ ಸ್ಲಿಮ್ ಮತ್ತು ಪ್ರೊ ಮಾದರಿಗಳಲ್ಲಿ 5 ಕೂಡ ಸೇರಿತು. ತಮ್ಮನ ಮನೆಯಲ್ಲಿ ಪರಿಹಾರ ಬೇರೆಯೇ ಆಯಿತು. ಸಾರನ್ನು ಗ್ಯಾಸ್ ಒಲೆಯ ಮೇಲೆ ಬಿಸಿ ಮಾಡತೊಡಗಿದರು. ರುಚಿಯೂ ಹೆಚ್ಚಿತು ಎಂದು ಅಜ್ಜಿ ಹೇಳಿದರು. ಅದನ್ನು ಯಾರೂ ಪರೀಕ್ಷಿಸಲಿಲ್ಲ.

ದೋಷ ಮನೆಯ ಹೊರಗಿದ್ದರೆ?

ರೂಟರಿನ ಪಕ್ಕದಲ್ಲೇ ಅಳೆದರೂ ವೇಗ ಕಡಿಮೆಯಿದ್ದರೆ ಬೀರು ಸರಿಸಿ ಪ್ರಯೋಜನವಿಲ್ಲ. ಮೊದಲು ಮನೆಯೊಳಗೆ ಬೇರೆ ಯಾರಾದರೂ ನೀರು ಹಿಡಿಯುತ್ತಿದ್ದಾರೆಯೇ ನೋಡಬೇಕು. ಕನ್ಸೋಲೇ ಹಿನ್ನೆಲೆಯಲ್ಲಿ ಹೊಸ ಆಟವನ್ನು ಇಳಿಸಿಕೊಳ್ಳುತ್ತಿರಬಹುದು. ಯಾರೂ ಇಲ್ಲವಾದರೆ ತೊಂದರೆ ಹೊರಗಿದೆ. ಬೀದಿಯ ಎಲ್ಲ ಮನೆಗಳೂ ಒಂದೇ ಹೊತ್ತಿಗೆ ನಲ್ಲಿ ತಿರುಗಿಸಿದಂತೆ, ರಾತ್ರಿ ಊಟದ ಹೊತ್ತಿಗೆ ಎಲ್ಲರೂ ವಿಡಿಯೋ ಹಾಕುತ್ತಾರೆ.

ಕೊರೊನಾ ಕಾಲದಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಕಂಡಿತು. 2020ರ ಮಾರ್ಚ್‌ನಲ್ಲಿ ಜನರೆಲ್ಲ ಮನೆಯಲ್ಲಿ ಉಳಿದಾಗ ಅಂತರಜಾಲದ ಮೇಲೆ ಭಾರ ಹೆಚ್ಚಿತು. ಆಗ ಭಾರತದಲ್ಲಿ ವಿಡಿಯೋ ತೋರಿಸುವ ಕಂಪನಿಗಳು ಮೊಬೈಲ್ ಜಾಲದಲ್ಲಿ ಏಪ್ರಿಲ್ 14ರವರೆಗೆ 480ಕ್ಕಿಂತ ಹೆಚ್ಚಿನ ಸ್ಪಷ್ಟತೆಯ ಚಿತ್ರ ಕಳಿಸುವುದಿಲ್ಲ ಎಂದು ಒಪ್ಪಿಕೊಂಡವು. ಇಡೀ ದೇಶದ ಮೊಬೈಲುಗಳಿಗೆ ಚೊಂಬಿನ ಬದಲು ಲೋಟ!

ಮಾಡಿ ನೋಡಿ

ಒಂದು ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ತಳದ ಬಳಿ ಸಣ್ಣ ತೂತು ಮಾಡಿ. ಕತ್ತರಿಸಲು ದೊಡ್ಡವರ ಸಹಾಯ ಪಡೆಯಿರಿ. ಒಬ್ಬರು ಲೋಟದಿಂದ ನೀರು ಸುರಿಯುತ್ತಿರಲಿ. ಸುರಿಯುವುದನ್ನು ನಿಲ್ಲಿಸಿದ ಮೇಲೂ ತೂತಿನಿಂದ ನೀರು ಎಷ್ಟು ಸೆಕೆಂಡು ಬರುತ್ತದೆ? ಬಾಟಲಿ ಅರ್ಧ ತುಂಬಿದ್ದಾಗ ಎಷ್ಟು, ಪೂರ್ತಿ ತುಂಬಿದ್ದಾಗ ಎಷ್ಟು? ಬರೆದಿಡಿ.

ಲೆಕ್ಕ: ಒಂದು ತೊಟ್ಟಿಯಲ್ಲಿ 20 ಲೀಟರ್ ನೀರಿದೆ. ನಿಮಿಷಕ್ಕೆ 3 ಲೀಟರ್ ಒಳಗೆ ಬರುತ್ತಿದೆ, 5 ಲೀಟರ್ ಹೊರಗೆ ಹೋಗುತ್ತಿದೆ. ತೊಟ್ಟಿ ಎಷ್ಟು ನಿಮಿಷಗಳಲ್ಲಿ ಬರಿದಾಗುತ್ತದೆ? ಹೊರಹೋಗುವುದನ್ನು 2 ಲೀಟರಿಗೆ ಇಳಿಸಿದರೆ ಏನಾಗುತ್ತದೆ?