ಗರ್ಭಿಣಿಯ ತುರ್ತು ಸ್ಥಿತಿ: ದಂಪತಿಗಳ ಕರ್ತವ್ಯ

ತುರ್ತು ಚಿಕಿತ್ಸಾ ವಿಭಾಗದಲ್ಲಿ ರೋಗಿಗಳನ್ನು ಬಂದ ಸರದಿಯಂತೆ ನೋಡುವುದಿಲ್ಲ. ಪ್ರಾಣಾಪಾಯ ಹೆಚ್ಚಿರುವವರಿಗೆ ಮೊದಲ ಚಿಕಿತ್ಸೆ. ಆದುದರಿಂದ ಅಪಾಯದ ಚಿಹ್ನೆಗಳನ್ನು ಪತಿಪತ್ನಿಯರಿಬ್ಬರೂ ಅರಿತಿರಬೇಕು. ರಕ್ತಸ್ರಾವ, ಫಿಟ್ಸ್, ಕಣ್ಣು ಮಂಜಾಗಿ ತೀವ್ರ ತಲೆನೋವು, ಮಗುವಿನ ಚಲನೆ ಕಡಿಮೆಯಾಗುವುದು – ಇವುಗಳಲ್ಲಿ ಒಂದು ಕಂಡರೂ ತಡಮಾಡಬಾರದು.

ಕಾಪು, ಕಾರ್ಕಳದ ಹಳ್ಳಿಗಳಿಂದ ಉಡುಪಿ, ಮಣಿಪಾಲದ ಆಸ್ಪತ್ರೆಗಳಿಗೆ ಹೋಗಲು ಬಸ್ಸಿಗಾಗಿ ಕಾಯದೆ, ಕರ್ನಾಟಕದಲ್ಲಿ 2008ರಲ್ಲಿ ಆರಂಭವಾದ ಉಚಿತ 108 ಆಂಬುಲೆನ್ಸನ್ನು ಕರೆಯಿರಿ. ಅದು ಬರುವವರೆಗೆ ಗರ್ಭಿಣಿಯನ್ನು ಎಡಮಗ್ಗುಲಿಗೆ ಮಲಗಿಸಿರಿ. ಫಿಟ್ಸ್ ಬಂದಾಗ ಬಾಯಿಗೆ ಏನನ್ನೂ ಹಾಕಬೇಡಿರಿ.

ತಾಯಿ ಕಾರ್ಡನ್ನು ಜೊತೆಗೆ ಒಯ್ಯಿರಿ. ಎಷ್ಟು ತಿಂಗಳು, ತೊಂದರೆ ಯಾವಾಗ ಆರಂಭವಾಯಿತು ಎಂಬುದನ್ನು ಒಡನೆಯೇ ತಿಳಿಸಿರಿ. ಗರ್ಭಪಾತಕ್ಕೆಂದು ಮನೆಯಲ್ಲಿ ಮಾತ್ರೆ ಸೇವಿಸಿದ್ದರೆ ಅದನ್ನೂ ಮರೆಮಾಚಬೇಡಿರಿ. ಸಂಕೋಚದಿಂದ ಮುಚ್ಚಿಟ್ಟ ಒಂದು ಮಾತು ತಾಯಿಯ ಪ್ರಾಣಕ್ಕೆ ಎರವಾದೀತು.