ಮನೆಯೊಳಗಿನ ಆಕಾಶಯಾನ

ಈಜು ಕಲಿಯಬೇಕಾದವನು ನೀರಿಗೆ ಇಳಿಯಲೇಬೇಕು. ದಡದಲ್ಲಿ ಕುಳಿತು ಈಜು ಕಲಿತವರಿಲ್ಲ. ಸೈಕಲ್ ಕಲಿಯುವವನು ನಾಲ್ಕಾರು ಬಾರಿ ಬೀಳುತ್ತಾನೆ. ಮಂಡಿ ತರಚಿದರೂ ಮತ್ತೆ ಏಳುತ್ತಾನೆ. ವಿಮಾನ ಚಾಲನೆಯ ವಿದ್ಯೆ ಹಾಗಲ್ಲ. ಅಲ್ಲಿ ಮೊದಲನೆಯ ತಪ್ಪೇ ಕೊನೆಯ ತಪ್ಪಾಗಬಹುದು. ತಪ್ಪು ಮಾಡದೆ ಕಲಿಯುವಂತಿಲ್ಲ. ತಪ್ಪು ಮಾಡಿದರೆ ಉಳಿಯುವಂತಿಲ್ಲ. ಈ ಬಿಕ್ಕಟ್ಟಿಗೆ ಮಾನವನು ಕಂಡುಕೊಂಡ ಪರಿಹಾರವೇ ನೆಲದ ಮೇಲಿದ್ದುಕೊಂಡು ಹಾರಾಟವನ್ನು ಅನುಕರಿಸುವ ಸಿಮ್ಯುಲೇಟರ್ ಎಂಬ ಸಾಧನ.

ಅಮೆರಿಕದ ಬಿಂಗಮ್ಟನ್ ನಗರದ ಎಡ್ವಿನ್ ಲಿಂಕ್ ಎಂಬ ತರುಣನ ಮನೆತನಕ್ಕೆ ಪಿಯಾನೋ ಮತ್ತು ಆರ್ಗನ್ ವಾದ್ಯಗಳನ್ನು ತಯಾರಿಸುವ ಕಾರ್ಖಾನೆಯಿತ್ತು. ಆರ್ಗನ್ ವಾದ್ಯಕ್ಕೆ ಗಾಳಿಯೂದುವ ತಿದಿಗಳೇ ಅವನ ಪ್ರಯೋಗಕ್ಕೆ ನೆರವಾದವು. 1920ರ ದಶಕದ ಕೊನೆಯಲ್ಲಿ ಅವನು ಪುಟ್ಟ ವಿಮಾನದ ಆಕಾರದ ಪೆಟ್ಟಿಗೆಯೊಂದನ್ನು ಮಾಡಿ, ತಿದಿಗಳ ಬಲದಿಂದ ಅದು ಓಲಾಡುವಂತೆ ಏರ್ಪಡಿಸಿದನು. ಮೊದಮೊದಲು ಜನ ಅದನ್ನು ಜಾತ್ರೆಯ ಆಟಿಕೆಯೆಂದೇ ಬಗೆದರು. 1934ರಲ್ಲಿ ಅಲ್ಲಿನ ಸೇನೆಯ ವಿಮಾನಚಾಲಕರು ಅಂಚೆ ಸಾಗಿಸುವ ಹೊಣೆ ಹೊತ್ತರು. ಕೆಟ್ಟ ಹವೆಯಲ್ಲಿ ದಾರಿಗಾಣದೆ ಅವರಲ್ಲಿ ಹಲವರು ಪ್ರಾಣ ಕಳೆದುಕೊಂಡರು. ಆಗ ಸೇನೆ ಲಿಂಕನ ಪೆಟ್ಟಿಗೆಗಳನ್ನು ಕೊಂಡುಕೊಂಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಕ್ಷಾಂತರ ಮಂದಿ ಅವುಗಳಲ್ಲಿ ಕುಳಿತು ಅಭ್ಯಾಸ ಮಾಡಿದರು. 1982ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಮನೆಯ ಕಂಪ್ಯೂಟರಿನಲ್ಲಿ ನಡೆಯುವ ಹಾರಾಟದ ಸಿಮ್ಯುಲೇಟರನ್ನು ಹೊರತಂದಿತು. ಅಂದಿನಿಂದ ಈ ಸಾಧನದ ಸ್ವರೂಪ ಬಹಳವಾಗಿ ಬೆಳೆದಿದೆ.

ಇಂದು ಮನೆಯ ಕೋಣೆಯಲ್ಲಿ ಕುಳಿತ ವಿದ್ಯಾರ್ಥಿಯೊಬ್ಬನು ಕಾಂಕಾರ್ಡ್ ವಿಮಾನವನ್ನೇ ನಡೆಸಬಹುದು. ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳು ಜೊತೆಗೂಡಿ ನಿರ್ಮಿಸಿದ ಈ ವಿಮಾನವು 1969ರಲ್ಲಿ ಮೊದಲು ಹಾರಿ, 1976ರಿಂದ 2003ರವರೆಗೆ ಪ್ರಯಾಣಿಕರನ್ನು ಸಾಗಿಸಿತು. ಶಬ್ದದ ವೇಗದ ಎರಡರಷ್ಟು ವೇಗ ಅದರದು. 50,000ದಿಂದ 60,000 ಅಡಿ ಎತ್ತರದಲ್ಲಿ ಅದು ನಿಮಿಷಕ್ಕೆ ಸುಮಾರು 35 ಕಿಲೋಮೀಟರ್ ದೂರ ಸಾಗುತ್ತಿತ್ತು. ನಿಜವಾದ ಕಾಂಕಾರ್ಡ್‌ಗಳು ಈಗ ವಸ್ತುಸಂಗ್ರಹಾಲಯಗಳನ್ನು ಸೇರಿವೆ. ಸಿಮ್ಯುಲೇಟರಿನಲ್ಲಿ ಮಾತ್ರ ಅವು ಇನ್ನೂ ಹಾರುತ್ತಿವೆ.

ಇಂತಹ ವೇಗದಲ್ಲಿ ಬರಿಗೈಯಿಂದ ವಿಮಾನವನ್ನು ಸಮಸ್ಥಿತಿಯಲ್ಲಿ ಇಡುವುದು ಎಷ್ಟು ಕಷ್ಟವೆಂಬುದನ್ನು ಒಂದು ಲೆಕ್ಕದಿಂದ ಊಹಿಸಬಹುದು. ಹಾರುವ ದಾರಿಯು ಒಂದೇ ಒಂದು ಡಿಗ್ರಿಯಷ್ಟು ಮೇಲಕ್ಕೆ ಬಾಗಿದರೂ ವಿಮಾನವು ನಿಮಿಷಕ್ಕೆ 600 ಮೀಟರಿನಷ್ಟು ಮೇಲೇರಿಬಿಡುತ್ತದೆ. ಗಂಟೆಗಟ್ಟಲೆ ಇಷ್ಟು ಸೂಕ್ಷ್ಮವಾಗಿ ಕೈಯನ್ನು ಹಿಡಿದಿಡುವುದು ಮನುಷ್ಯನಿಗೆ ಬಲು ಶ್ರಮದ ಕೆಲಸ. ಈ ಶ್ರಮವನ್ನು ಹಗುರಗೊಳಿಸುವುದೇ ಆಟೋಪೈಲಟ್ ಎಂಬ ಸ್ವಯಂಚಾಲಕ.

ಸ್ವಯಂಚಾಲಕದ ಹುಟ್ಟು ಜೆಟ್ ಯುಗಕ್ಕಿಂತ ಬಹಳ ಹಿಂದಿನದು. ವೇಗವಾಗಿ ತಿರುಗುವ ಬುಗುರಿಯು ಸುಲಭವಾಗಿ ವಾಲುವುದಿಲ್ಲವೆಂಬುದು ನಿಮಗೆ ತಿಳಿದಿದೆ. ಗೈರೋಸ್ಕೋಪ್ ಎಂಬ ಉಪಕರಣದ ಗುಟ್ಟೂ ಇದೇ. ಅದರೊಳಗಿನ ಚಕ್ರವು ತಿರುಗುತ್ತಿರುವಷ್ಟು ಕಾಲ ತನ್ನ ಅಕ್ಷದ ದಿಕ್ಕನ್ನು ಕಾಪಾಡಿಕೊಳ್ಳುತ್ತದೆ. ವಿಮಾನವು ವಾಲಿದರೆ ಎಷ್ಟು ವಾಲಿತೆಂಬುದನ್ನು ಅದರಿಂದ ಅಳೆದು, ರೆಕ್ಕೆಬಾಲಗಳ ಪಟ್ಟಿಗಳನ್ನು ತಾನಾಗಿಯೇ ಸರಿಪಡಿಸುವ ಯಂತ್ರವನ್ನು ಅಮೆರಿಕದ ಲಾರೆನ್ಸ್ ಸ್ಪೆರ್ರಿ ರೂಪಿಸಿದನು. 1914ರ ಜೂನ್ 18ರಂದು ಪ್ಯಾರಿಸಿನ ಬಳಿ ಸೇನ್ ನದಿಯ ಮೇಲೆ ಹಾರುತ್ತ, ನೆರೆದಿದ್ದ ಜನರ ಮುಂದೆ ಅವನು ತನ್ನ ಎರಡೂ ಕೈಗಳನ್ನು ಮೇಲೆತ್ತಿ ತೋರಿಸಿದನು. ಅವನ ಸಹಾಯಕನು ರೆಕ್ಕೆಯ ಮೇಲೆ ನಡೆದುಹೋದರೂ ವಿಮಾನವು ಸಮತೋಲ ತಪ್ಪಲಿಲ್ಲ.

ಕೈಬಿಟ್ಟರೂ ವಿಮಾನ ಹಾರುವುದೆಂದ ಮೇಲೆ ಚಾಲಕನಿಗೆ ಇನ್ನೇನು ಕೆಲಸ? ಸಿಮ್ಯುಲೇಟರಿನ ಮುಂದೆ ಕುಳಿತ ಹೊಸಬನ ಮನಸ್ಸಿನಲ್ಲಿ ಏಳುವ ಪ್ರಶ್ನೆ ಇದು. ಉತ್ತರವನ್ನು ಕಾಂಕಾರ್ಡ್ ವಿಮಾನವೇ ಬೇಗನೆ ಕಲಿಸುತ್ತದೆ. ಶಬ್ದದ ಎರಡರಷ್ಟು ವೇಗದಲ್ಲಿರುವಾಗ ವಿಮಾನವನ್ನು 30 ಡಿಗ್ರಿ ವಾಲಿಸಿ ತಿರುಗಿಸಿದರೆ, ಆ ತಿರುವಿನ ತ್ರಿಜ್ಯವೇ ಸುಮಾರು 60 ಕಿಲೋಮೀಟರ್ ಆಗುತ್ತದೆ. ತಿರುಗಬೇಕಾದ ಸ್ಥಳ ಬಂದ ಮೇಲೆ ಸ್ವಯಂಚಾಲಕಕ್ಕೆ ಹೊಸ ದಿಕ್ಕನ್ನು ಸೂಚಿಸಿದವನು ದಾರಿಯಿಂದ ಬಹುದೂರ ಸರಿದುಹೋಗಿರುತ್ತಾನೆ. ವೇಗ ಇಳಿಸುವುದನ್ನೂ ಗುರಿ ಮುಟ್ಟುವುದಕ್ಕೆ ನೂರಾರು ಕಿಲೋಮೀಟರ್ ಮೊದಲೇ ಆರಂಭಿಸಬೇಕು. ವಿಮಾನ ಎಷ್ಟು ವೇಗವಾಗಿ ಹೋಗುತ್ತದೆಯೋ ಚಾಲಕನ ಆಲೋಚನೆ ಅಷ್ಟು ಮುಂದೆ ಇರಬೇಕು.

ಇನ್ನೊಂದು ಪ್ರಯೋಗವನ್ನು ಸಾಮಾನ್ಯ ಪ್ರಯಾಣಿಕ ಜೆಟ್ ವಿಮಾನದಲ್ಲಿ ಮಾಡಿ ನೋಡೋಣ. ವಿಮಾನದ ತುಂಬ ಇಂಧನವಿದೆ. ಅದು ಆಗಲೇ ಬಹಳ ಎತ್ತರದಲ್ಲಿದೆ. ನಿಮಿಷಕ್ಕೆ 4,000 ಅಡಿಯಂತೆ ಮೇಲೇರಬೇಕೆಂದು ಸ್ವಯಂಚಾಲಕಕ್ಕೆ ಆಜ್ಞೆ ಕೊಡುತ್ತೇವೆ. ಎಂಜಿನುಗಳಿಗೆ ಅಷ್ಟು ಶಕ್ತಿಯಿಲ್ಲ. ಆದರೂ ಯಂತ್ರವು ಆಜ್ಞೆಯನ್ನು ಪಾಲಿಸಲು ವಿಮಾನದ ಮೂತಿಯನ್ನು ಮೇಲಕ್ಕೆತ್ತುತ್ತದೆ. ಆಗ ವೇಗ ಕುಗ್ಗುತ್ತದೆ. ವೇಗ ಕುಗ್ಗಿದಂತೆ ಏರುವ ದರವೂ ಕುಗ್ಗುವುದರಿಂದ ಮೂತಿ ಇನ್ನಷ್ಟು ಮೇಲೇಳುತ್ತದೆ. ಕೊನೆಗೆ ರೆಕ್ಕೆಯ ಮೇಲ್ಭಾಗಕ್ಕೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಬಿಟ್ಟುಹೋಗಿ, ವಿಮಾನವನ್ನು ಎತ್ತಿಹಿಡಿಯುವ ಬಲ ಕುಸಿಯುತ್ತದೆ. ಇದಕ್ಕೆ ಸ್ಟಾಲ್ ಎಂದು ಹೆಸರು. ಇದನ್ನು ತಡೆಯುವ ಏರ್ಪಾಡು ಕೆಲವು ವಿಮಾನಗಳಲ್ಲಿ ಇದೆ. ಇಲ್ಲದ ವಿಮಾನಗಳಲ್ಲಿ ಯಂತ್ರವು ಹೇಳಿದ್ದನ್ನು ಹೇಳಿದಂತೆಯೇ ಮಾಡಿ ವಿಮಾನವನ್ನು ಬೀಳಿಸುತ್ತದೆ. ಇಲ್ಲಿ ತಪ್ಪಿದ್ದು ಯಂತ್ರವಲ್ಲ, ಆಜ್ಞೆ. ಇಂತಹ ಹೊತ್ತಿನಲ್ಲಿ ವಿದ್ಯಾರ್ಥಿಯು ಸ್ವಯಂಚಾಲಕವನ್ನು ಬಿಡಿಸಿ, ಧೈರ್ಯದಿಂದ ಮೂತಿಯನ್ನು ಕೆಳಗಿಳಿಸಿ, ವೇಗವನ್ನು ಮರಳಿ ಪಡೆಯಬೇಕು. ಬೀಳುತ್ತಿರುವ ವಿಮಾನದ ಮೂತಿಯನ್ನು ಮತ್ತೂ ಕೆಳಗಿಳಿಸುವುದಕ್ಕೆ ಮನಸ್ಸು ಸುಲಭವಾಗಿ ಒಪ್ಪುವುದಿಲ್ಲ. ಅಭ್ಯಾಸ ಬೇಕಾಗಿರುವುದು ಅದಕ್ಕಾಗಿಯೇ.

ಇದು ಕೇವಲ ಆಟದ ಮಾತಲ್ಲ. 2009ರ ಜೂನ್ 1ರಂದು ರಿಯೋ ಡಿ ಜನೈರೋದಿಂದ ಪ್ಯಾರಿಸಿಗೆ ಹೊರಟಿದ್ದ ಏರ್ ಫ್ರಾನ್ಸ್ 447 ಎಂಬ ವಿಮಾನವು ನಡುರಾತ್ರಿಯ ಬಳಿಕ ಅಟ್ಲಾಂಟಿಕ್ ಸಾಗರದ ಮೇಲೆ 35,000 ಅಡಿ ಎತ್ತರದಲ್ಲಿ ಸಾಗುತ್ತಿತ್ತು. ವೇಗವನ್ನು ಅಳೆಯುವ ಕೊಳವೆಗಳಿಗೆ ಹಿಮದ ಹರಳುಗಳು ಅಡರಿ, ವೇಗದ ಸೂಚನೆ ತಪ್ಪಾಯಿತು. ನಂಬತಕ್ಕ ಸೂಚನೆಯಿಲ್ಲದ ಕಾರಣ ಸ್ವಯಂಚಾಲಕವು ಕೆಲಸ ನಿಲ್ಲಿಸಿ ವಿಮಾನವನ್ನು ಮನುಷ್ಯರ ಕೈಗೊಪ್ಪಿಸಿತು. ಆ ಗಳಿಗೆಯ ಗಲಿಬಿಲಿಯಲ್ಲಿ ಚಾಲಕನು ಮೂತಿಯನ್ನು ಮೇಲಕ್ಕೆತ್ತಿದನು. ವಿಮಾನವು ಸುಮಾರು 38,000 ಅಡಿಗೆ ಏರಿ, ವೇಗ ಕಳೆದುಕೊಂಡು, ಸ್ಟಾಲ್ ಸ್ಥಿತಿಗೆ ಸಿಲುಕಿತು. ಕೊಳವೆಗಳು ಒಂದು ನಿಮಿಷದ ಒಳಗೆಯೇ ಸರಿಹೋಗಿದ್ದವು. ಎಚ್ಚರಿಕೆಯ ಧ್ವನಿಯೂ ಮೊಳಗಿತ್ತು. ಆದರೂ ಏನಾಗುತ್ತಿದೆಯೆಂಬುದು ಚಾಲಕರಿಗೆ ಹೊಳೆಯಲಿಲ್ಲ. ಸ್ವಯಂಚಾಲಕವು ಕೈಬಿಟ್ಟ ನಾಲ್ಕೂವರೆ ನಿಮಿಷಗಳ ಒಳಗೆ ವಿಮಾನವು ಸಾಗರಕ್ಕೆ ಅಪ್ಪಳಿಸಿತು. ಅದರಲ್ಲಿದ್ದ 228 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಆ ಚಾಲಕರು ಸಾವಿರಾರು ಗಂಟೆಗಳ ಕಾಲ ಹಾರಿದವರೇ. ಆದರೆ ಆಧುನಿಕ ಜೆಟ್ ವಿಮಾನಗಳಲ್ಲಿ ಬಹುಪಾಲು ಹಾರಾಟವನ್ನು ಯಂತ್ರವೇ ನಡೆಸುವುದರಿಂದ, ಅಷ್ಟು ಎತ್ತರದಲ್ಲಿ ತಮ್ಮ ಕೈಯಿಂದ ವಿಮಾನ ನಡೆಸಿ ರೂಢಿಯಾಗುವ ಅವಕಾಶ ಚಾಲಕರಿಗೆ ವಿರಳ. ಈ ದುರಂತದ ಬಳಿಕ ಎತ್ತರದಲ್ಲಿ ಕೈಯಾರೆ ಹಾರುವುದಕ್ಕೂ ಸ್ಟಾಲ್ ಸ್ಥಿತಿಯಿಂದ ಪಾರಾಗುವುದಕ್ಕೂ ತರಬೇತಿಯಲ್ಲಿ ಹೆಚ್ಚಿನ ಮಹತ್ವ ದೊರೆಯಿತು. ಆ ತರಬೇತಿಯೂ ನಡೆಯುವುದು ಸಿಮ್ಯುಲೇಟರಿನಲ್ಲೇ.

ಸ್ವಯಂಚಾಲಕವನ್ನು ದೂರುವುದು ಸರಿಯಲ್ಲ. ಅದು ದಣಿಯದು, ಬೇಸರಗೊಳ್ಳದು. ಚಾಲಕನ ಶ್ರಮವನ್ನು ತಗ್ಗಿಸಿ ವಿಮಾನಯಾನವನ್ನು ಸುರಕ್ಷಿತಗೊಳಿಸಿದ ಸಾಧನಗಳಲ್ಲಿ ಅದೂ ಒಂದು. ಆದರೆ ಎತ್ತ ಹೋಗಬೇಕು, ಏಕೆ ಹೋಗಬೇಕು ಎಂಬುದು ಅದಕ್ಕೆ ತಿಳಿಯದು. ಯಂತ್ರಕ್ಕೆ ಕೆಲಸವನ್ನು ಒಪ್ಪಿಸಬಹುದು, ಹೊಣೆಯನ್ನು ಒಪ್ಪಿಸಲಾಗದು. ಆದುದರಿಂದ ಮನೆಯ ಸಿಮ್ಯುಲೇಟರಿನ ಮುಂದೆ ಕುಳಿತಾಗ ಸ್ವಯಂಚಾಲಕದ ಗುಂಡಿಯನ್ನು ಒತ್ತಿ ಎದ್ದುಹೋಗದೆ, ಈಗ ಯಂತ್ರಕ್ಕೆ ಏನು ಹೇಳಿದ್ದೇನೆ, ಅದು ಏನು ಮಾಡುತ್ತಿದೆ, ಅದು ಕೈಬಿಟ್ಟರೆ ನಾನೇನು ಮಾಡಬೇಕು ಎಂದು ಮತ್ತೆ ಮತ್ತೆ ಕೇಳಿಕೊಳ್ಳಬೇಕು. ಅಲ್ಲಿ ವಿಮಾನ ಬಿದ್ದರೆ ಯಾರಿಗೂ ಕೇಡಿಲ್ಲ. ಮತ್ತೆ ಓಡುದಾರಿಯ ತುದಿಯಿಂದ ಹೊರಡಬಹುದು. ಹಾಗೆ ಬಿದ್ದು ಎದ್ದು ಕಲಿತವನು ಮುಂದೊಂದು ದಿನ ನಿಜವಾದ ಆಕಾಶದಲ್ಲಿ, ತನ್ನನ್ನು ನಂಬಿ ಹಿಂದೆ ಕುಳಿತ ನೂರಾರು ಜನರನ್ನು ಸುರಕ್ಷಿತವಾಗಿ ನೆಲಕ್ಕಿಳಿಸಬಲ್ಲನು.